ಕೀಲಿಕೈ ಬೇಡ, ಚೀಟಿ ಸಾಕು

ಒಂದು ಪ್ರಶ್ನೆ. ನಿಮ್ಮ ಮಿಂಚಂಚೆ ಡಬ್ಬಿಗೆ ಬರುವ ಪತ್ರಗಳನ್ನು ನಿಮ್ಮನ್ನು ಬಿಟ್ಟು ಇನ್ನು ಯಾರ್ಯಾರು ಓದಬಹುದು? "ಯಾರೂ ಇಲ್ಲಪ್ಪ" ಅನ್ನುವವರು ದಯವಿಟ್ಟು ಒಮ್ಮೆ ಖಾತೆಯ ಭದ್ರತೆ ಪುಟಕ್ಕೆ ಹೋಗಿ, ಮೂರನೆಯವರ ಆ್ಯಪ್‌ಗಳ ಪಟ್ಟಿ ನೋಡಿ ಬನ್ನಿ. ನಾಲ್ಕು ವರ್ಷದ ಹಿಂದೆ ಒಂದೇ ಒಂದು ಸಲ ಬಳಸಿ ಮರೆತ ಯಾವುದೋ ತಂತ್ರಾಂಶ ಇವತ್ತಿಗೂ ಅಲ್ಲಿ ಹಾಯಾಗಿ ಕೂತಿರುತ್ತದೆ :-)

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸವೇ ಇದು. ಒಂದು ಕಡೆಯ ಮೇಲ್ ಮತ್ತು ಕ್ಯಾಲೆಂಡರನ್ನು ಇನ್ನೊಂದು ಕಡೆಯ ಆಟೋಮೇಶನ್ ವ್ಯವಸ್ಥೆಗೆ ಜೋಡಿಸುವುದು. ಮೇಲ್ ಬಂತೆಂದರೆ ಅದರೊಳಗಿನ ದಿನಾಂಕ ತಾನಾಗಿಯೇ ಕ್ಯಾಲೆಂಡರಿಗೆ ಹೋಗಬೇಕು, ಹಿಂದಿನ ದಿನ ಫೋನಿಗೆ ನೆನಪೋಲೆ ಬರಬೇಕು, ಅಷ್ಟೇ. ಕೇಳಲಿಕ್ಕೆ ಸುಲಭ. ಆದರೆ ಯಂತ್ರವೊಂದಕ್ಕೆ "ನನ್ನ ಪರವಾಗಿ ಇಷ್ಟು ಮಾಡು, ಇದಕ್ಕಿಂತ ಹೆಚ್ಚು ಮಾಡಬೇಡ" ಎಂದು ಹೇಳುವ ಒಂದು ಸರಿಯಾದ ದಾರಿ ಕಂಡುಕೊಳ್ಳಲು ಗಣಕ ಜಗತ್ತಿಗೆ ಸುಮಾರು 45 ವರ್ಷ ಬೇಕಾಯಿತು. ಆ ಕಥೆಯನ್ನು ಕನ್ನಡದಲ್ಲಿ ಒಂದೇ ಕಡೆ ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಪಾಸ್‌ವರ್ಡ್ ಎಂಬುದು ಗಣಕಕ್ಕೆ ಬಂದದ್ದು ಅಮೆರಿಕದ ಎಂಐಟಿಯಲ್ಲಿ, 1960ರ ದಶಕದ ಆರಂಭದಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಫರ್ನಾಂಡೋ ಕೊರ್ಬಾಟೋ ಅವರ ತಂಡ 1961ರಲ್ಲಿ ತೋರಿಸಿತು. ಒಬ್ಬರ ಕಡತ ಇನ್ನೊಬ್ಬರು ನೋಡಬಾರದೆಂದು ಪ್ರತಿಯೊಬ್ಬರಿಗೂ ಒಂದು ಗುಪ್ತಪದ ಕೊಟ್ಟರು. 1962ರಲ್ಲೇ ಅದು ಸೋರಿತು! ಅಲನ್ ಶೆರ್ ಎಂಬ ಸಂಶೋಧಕರಿಗೆ ವಾರಕ್ಕೆ ಸಿಗುತ್ತಿದ್ದ ಯಂತ್ರದ ಸಮಯ ಸಾಲುತ್ತಿರಲಿಲ್ಲ. ಪಂಚ್ ಕಾರ್ಡಿನಲ್ಲಿ ಕೋರಿಕೆ ಹಾಕಿ ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಅಚ್ಚು ಹಾಕಿಸಿಕೊಂಡರು. 1966ರಲ್ಲಿ ಇನ್ನೂ ತಮಾಷೆ. ಎಡಿಟರಿನ ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಲಾಗಿನ್ ಆದ ಪ್ರತಿಯೊಬ್ಬರಿಗೂ ಸ್ವಾಗತ ಸಂದೇಶದ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಕಾಣಿಸಿತು. ಅದೇ ಸಿಟಿಎಸ್‌ಎಸ್‌ನಲ್ಲಿ 1965ರಲ್ಲಿ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯಲ್ ಮಾರಿಸ್ ಸೇರಿ "ಮೇಲ್" ಎಂಬ ಆದೇಶ ಬರೆದರು. ಅಂದರೆ ಮೇಲ್ ಹುಟ್ಟುವ ಹೊತ್ತಿಗೆ ಪಾಸ್‌ವರ್ಡ್ ಸೋರಿಕೆ ಆಗಲೇ ಆಗಿಹೋಗಿತ್ತು.

ಮೇಲ್ ಓದುವ ತಂತ್ರಾಂಶ ಮತ್ತು ಮೇಲ್ ಇಟ್ಟುಕೊಳ್ಳುವ ಯಂತ್ರ ಬೇರೆಬೇರೆಯಾದ ಮೇಲೆ ಎರಡರ ನಡುವೆ ಒಂದು ಭಾಷೆ ಬೇಕಾಯಿತು. 1984ರಲ್ಲಿ ಪಾಪ್ ಬಂತು, 1986ರಲ್ಲಿ ಸ್ಟ್ಯಾನ್‌ಫೋರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ ಐಮ್ಯಾಪ್ ಕಟ್ಟಿದರು. ಎರಡರಲ್ಲೂ ಮಾತುಕತೆ ಶುರುವಾಗುವುದು ಹೀಗೆ: ನನ್ನ ಹೆಸರು ಇದು, ನನ್ನ ಪಾಸ್‌ವರ್ಡ್ ಇದು, ಇನ್ನು ಬಾಗಿಲು ತೆಗಿ. ಕೇಳುತ್ತಿರುವುದು ಖಾತೆಯ ಯಜಮಾನನೋ, ಯಜಮಾನ ಕಳಿಸಿದ ಆಳೋ ಎಂದು ತಿಳಿಯುವ ಉಪಾಯ ಅದರಲ್ಲಿ ಇರಲಿಲ್ಲ. ಪಾಸ್‌ವರ್ಡ್ ಹೇಳಿದವನೇ ಯಜಮಾನ.

ಇಲ್ಲಿ ನಮ್ಮೂರಿನ ಗೋಲಗುಮ್ಮಟ ನೆನಪಾಗದೆ ಇರುವುದಿಲ್ಲ. ಮುಹಮ್ಮದ್ ಆದಿಲ್‌ಶಾಹನ ಈ ಗೋರಿಯ ಕೆಲಸ ಅವನು ತೀರಿಕೊಂಡ 1656ರವರೆಗೂ ನಡೆದಿತ್ತು. ಒಳಗೆ ಸುಮಾರು 38 ಮೀಟರ್ ಅಡ್ಡಳತೆಯ ಗುಮ್ಮಟ, ಅದರ ಬುಡದಲ್ಲಿ ಸುತ್ತಲೂ ಪಿಸುಮಾತಿನ ಗ್ಯಾಲರಿ. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಒಂದು ಮಾತು ಹೇಳಿದರೆ ಆ ಕಡೆ ಗೋಡೆಗೆ ಕಿವಿ ಹಚ್ಚಿದವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಶಾಲೆಯ ಮಕ್ಕಳು ಹೋದಾಗ ಮಾಡುವ ಮೊದಲ ಕೆಲಸವೇ ಅದು. ಹೇಳಿದವನು ತಾನು ಒಬ್ಬನಿಗೇ ಹೇಳಿದೆ ಎಂದುಕೊಂಡಿರುತ್ತಾನೆ, ಆದರೆ ಆ ಬದಿಯಲ್ಲಿ ಕಿವಿ ಹಚ್ಚಿ ಎಷ್ಟು ಜನ ನಿಂತಿದ್ದಾರೋ ಇವನಿಗೆ ಹೇಗೆ ಗೊತ್ತಾಗಬೇಕು? ಪಾಸ್‌ವರ್ಡ್ ಹಂಚಿಕೊಳ್ಳುವುದೂ ಥೇಟ್ ಹೀಗೇ.

ಇನ್ನು ಕ್ಯಾಲೆಂಡರಿನ ಮಾತು. ಎರಡು ವ್ಯವಸ್ಥೆಗಳ ತಿಥಿ ತಾಳೆ ಹಾಕುವ ಕಷ್ಟ ವಿಜಯಪುರಕ್ಕೆ ಹೊಸದಲ್ಲ. ಆದಿಲ್‌ಶಾಹಿ ದಫ್ತರದಲ್ಲಿ ಹಿಜರಿ ವರ್ಷದ ಜೊತೆಗೆ ಶುಹೂರ್ ಸನ್ ಎಂಬ ಇನ್ನೊಂದು ಲೆಕ್ಕವೂ ನಡೆಯುತ್ತಿತ್ತು. ಹಿಜರಿ ವರ್ಷ ಚಾಂದ್ರಮಾನದ್ದು, ಸೌರ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಅದನ್ನು ನಂಬಿ ಕಂದಾಯ ವಸೂಲಿಗೆ ಹೋದರೆ ಕೆಲವೇ ವರ್ಷಗಳಲ್ಲಿ ಬಿತ್ತುವ ಮೊದಲೇ ಸುಗ್ಗಿಯ ಪಾಲು ಕೇಳಬೇಕಾಗುತ್ತದೆ! ಅದಕ್ಕೇ ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬರುವ ದಿನದಿಂದ ಶುರುವಾಗುವ ಶುಹೂರ್ ವರ್ಷ. ನಮ್ಮ ಕಡೆ ಇವತ್ತಿಗೂ ರೈತರು ವರ್ಷ ಎಣಿಸುವುದು "ಮಿರಗ" ಬಂತೋ ಇಲ್ಲವೋ ಎಂಬುದರಿಂದ. ಹಳೇ ಕಾಗದದಲ್ಲಿ ಶುಹೂರ್ ಸನ್ ಕಂಡರೆ ತಿಂಗಳು ನೋಡಿ 599 ಅಥವಾ 600 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಗಣಕಗಳ ನಡುವೆ ಇಂಥದೇ ಒಪ್ಪಂದ ಆದದ್ದು 1998ರ ನವೆಂಬರಿನಲ್ಲಿ, ಐಕ್ಯಾಲೆಂಡರ್ ಎಂಬ ಹೆಸರಿನಲ್ಲಿ. ಒಂದು ಸಭೆ ಅಂದರೆ ಏನು, ಯಾವಾಗ ಶುರು, ಯಾವ ಕಾಲವಲಯ, ಎಷ್ಟು ವಾರಕ್ಕೊಮ್ಮೆ ಮರುಕಳಿಸಬೇಕು ಎಂಬುದಕ್ಕೆ ಎಲ್ಲರೂ ಒಪ್ಪುವ ಒಂದು ಬರವಣಿಗೆ. 2007ರಲ್ಲಿ ಕ್ಯಾಲ್‌ಡ್ಯಾವ್ ಬಂದು ದೂರದಿಂದಲೇ ಕ್ಯಾಲೆಂಡರ್ ತಿದ್ದಲು ದಾರಿಯಾಯಿತು.

ಅದೇ ದಫ್ತರದ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ವಿಜಯಪುರದಲ್ಲೇ ಕೂತು ಇತಿಹಾಸ ಬರೆದ ಫರಿಶ್ತಾ ಹೇಳುವ ಪ್ರಕಾರ, ಒಂದನೇ ಇಬ್ರಾಹಿಂ ಆದಿಲ್‌ಶಾಹ (1534-1558) ಲೆಕ್ಕಪತ್ರಗಳನ್ನು ಪಾರ್ಸಿ ಬಿಡಿಸಿ ನೆಲದ ಭಾಷೆಗೆ ತಂದ. ಅವನ ಮಗ ಅಲಿ ಬಂದವನೇ ಮತ್ತೆ ಪಾರ್ಸಿ ಮಾಡಿದ. ಇದನ್ನು ಬರೀ ಭಾಷೆಯ ವಿಷಯವೆಂದು ಓದುವವರೇ ಹೆಚ್ಚು. ನನ್ನಂಥ ಗಣಕದ ಮನುಷ್ಯನಿಗೆ ಕಾಣುವುದು ಬೇರೆ: ಕಡತ ಯಾವ ಬರವಣಿಗೆಯಲ್ಲಿದೆ ಎನ್ನುವುದೇ ಅದನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂದು ತೀರ್ಮಾನಿಸುತ್ತದೆ. ಬರವಣಿಗೆ ಬದಲಾದ ದಿನ ದಫ್ತರದ ಬಾಗಿಲು ಕೆಲವರಿಗೆ ತೆರೆಯಿತು, ಕೆಲವರಿಗೆ ಮುಚ್ಚಿತು.

ಸರಿ, ಮತ್ತೆ ನಮ್ಮ ಕಾಲಕ್ಕೆ ಬರೋಣ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷ ಜುಲೈ 4ಕ್ಕೆ ಹಾಟ್‌ಮೇಲ್. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಓದಿದ್ದು ಬೆಂಗಳೂರಿನಲ್ಲಿ ಎಂಬುದು ನಮಗೆಲ್ಲ ಒಂದು ಹೆಮ್ಮೆ. 2004ರ ಏಪ್ರಿಲ್ 1ಕ್ಕೆ ಜಿಮೇಲ್, 2006ರ ಏಪ್ರಿಲ್‌ನಲ್ಲಿ ಗೂಗಲ್ ಕ್ಯಾಲೆಂಡರ್. ಆಮೇಲೆ ಒಂದು ಕೆಟ್ಟ ಚಾಳಿ ಶುರುವಾಯಿತು. ಯಾವುದೇ ಹೊಸ ತಾಣಕ್ಕೆ ಸೇರಿದರೂ "ನಿಮ್ಮ ಗೆಳೆಯರನ್ನು ಹುಡುಕಿಕೊಡುತ್ತೇವೆ, ನಿಮ್ಮ ಜಿಮೇಲ್ ಪಾಸ್‌ವರ್ಡ್ ಇಲ್ಲಿ ಬರೆಯಿರಿ" ಅನ್ನುವುದು. ಹೆಸರಾಂತ ತಾಣಗಳೇ ಹೀಗೆ ಕೇಳುತ್ತಿದ್ದವು, ಜನ ಸಲೀಸಾಗಿ ಕೊಡುತ್ತಿದ್ದರು! ವಿಳಾಸ ಪುಸ್ತಕ ನೋಡಲಿಕ್ಕೆ ಇಡೀ ಮನೆಯ ಕೀಲಿಕೈ.

ಇದು ಹಳೇ ಕಾಲದ ಚಾಳಿ, ಈಗ ಯಾರು ಹಾಗೆ ಮಾಡುತ್ತಾರೆ ಅನ್ನಬೇಡಿ. ನಮ್ಮದು ವಿಜಯಪುರದಿಂದ ಅಥಣಿ ರಸ್ತೆಯಲ್ಲಿರುವ ತಿಕೋಟಾ. ಸುತ್ತಲೂ ದ್ರಾಕ್ಷಿ. ಕಾಕಾ ದ್ರಾಕ್ಷಿ ಬೆಳೆದು ಒಣದ್ರಾಕ್ಷಿ ಮಾಡಿ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು, ಬೆಲೆ ಬಂದಾಗ ಮಾರುತ್ತಾನೆ. ಬಬಲೇಶ್ವರದಲ್ಲಿ ನಮ್ಮ ಸೋದರಮಾವನದೂ ಅದೇ ಉದ್ಯೋಗ. ಖರೀದಿದಾರರ ಜೊತೆ ಬೆಲೆಯ ಮಾತು ಫೋನಿನಲ್ಲಾದರೂ ಕೊನೆಗೆ ಎಷ್ಟು ಬಾಕ್ಸು, ಯಾವ ದರ, ಯಾವ ದಿನ ಎತ್ತುತ್ತಾರೆ ಎಂಬುದು ಮೇಲಿನಲ್ಲೇ. ಒಂದು ವರ್ಷ ಕಾಕಾನಿಗೆ ಅನುಮಾನ ಬಂತು. ಇವನು ಒಬ್ಬರಿಗೆ ದರ ಬರೆದ ಅರ್ಧ ತಾಸಿಗೆ ಇನ್ನೊಬ್ಬ ವ್ಯಾಪಾರಿ ಫೋನ್ ಮಾಡಿ ಅದಕ್ಕಿಂತ ಒಂದು ರೂಪಾಯಿ ಕಡಿಮೆ ಕೇಳುತ್ತಿದ್ದ.

"ತಮ್ಮಾ, ನಾ ಬರದಿದ್ ರೇಟ್ ಅವಂಗ ಹ್ಯಾಂಗ್ ಗೊತ್ತಾಗ್ತದೋ?" ಎಂದು ನನಗೆ ಫೋನ್.

"ಕಾಕಾ, ಪಾಸ್‌ವರ್ಡ್ ಯಾರ್ಯಾರ ಕಡೆ ಅದ?"

"ಯಾರ ಕಡೀನೂ ಇಲ್ಲೋ. ಅಂಗಡ್ಯಾಗಿನ ಹುಡುಗ, ನಮ್ಮ ಅಕೌಂಟ್ ಬರಿಯಾಂವ, ಮತ್ತ ಆ ಮೆಸೇಜ್ ಕಳಸೂ ಸಾಫ್ಟ್‌ವೇರ್ ಹಾಕಿ ಕೊಟ್ಟಾನಲ್ಲ, ಅಂವ. ಅಷ್ಟ."

ಅಷ್ಟ! ಖಾತೆ ತೆಗೆದು ನೋಡಿದೆ. ಸೆಟ್ಟಿಂಗ್ಸ್ ಒಳಗೆ ಒಂದು ಫಿಲ್ಟರ್ ಕೂತಿತ್ತು. "ದರ" ಮತ್ತು "ಬಾಕ್ಸ್" ಎಂಬ ಪದವಿದ್ದ ಪ್ರತಿ ಪತ್ರದ ಒಂದು ಪ್ರತಿ ಯಾವುದೋ ಪರಕೀಯ ವಿಳಾಸಕ್ಕೆ ಹೋಗುತ್ತಿತ್ತು. ಯಾರು ಹಾಕಿದರು ಎಂಬುದು ಕೊನೆಗೂ ಬಗೆಹರಿಯಲಿಲ್ಲ, ಏಕೆಂದರೆ ನಾಲ್ಕೂ ಜನ ಒಂದೇ ಹೆಸರಿನಲ್ಲಿ, ಒಂದೇ ಪಾಸ್‌ವರ್ಡಿನಲ್ಲಿ ಒಳಗೆ ಹೋಗುತ್ತಿದ್ದರು. ಕಾಕಾ ಅದಕ್ಕಿಂತ ಮೊದಲು ಎರಡು ಸಲ ಪಾಸ್‌ವರ್ಡ್ ಬದಲಿಸಿದ್ದ. ಅದರಿಂದ ಏನೂ ಆಗಿರಲಿಲ್ಲ, ಪಾಸ್‌ವರ್ಡ್ ಬದಲಿಸಿದರೆ ಫಿಲ್ಟರ್ ಅಳಿಸಿಹೋಗುವುದಿಲ್ಲ. ಆ ವರ್ಷದ ಮಾಲು ಬಹುಪಾಲು ಕಡಿಮೆ ದರಕ್ಕೇ ಹೋಗಿತ್ತು. ತಿಕೋಟಾದ ರೈತನೊಬ್ಬನಿಗೆ ಕಿಲೋಗೆ ಒಂದೆರಡು ರೂಪಾಯಿ ಅಂದರೆ ಬ್ಯಾಂಕಿನ ಕಂತು ಕಟ್ಟುವುದಕ್ಕೂ ತಪ್ಪಿಸುವುದಕ್ಕೂ ಇರುವ ಅಂತರ.

ವಿಚಿತ್ರ ಏನೆಂದರೆ, ಇದೇ ಕಾಕಾ ಕೋಲ್ಡ್ ಸ್ಟೋರೇಜಿನ ವಿಷಯದಲ್ಲಿ ಭಾರೀ ಹುಷಾರು. ಮಾಲು ಎತ್ತಲು ಗಾಡಿ ಕಳಿಸುವಾಗ ಡ್ರೈವರನ ಕೈಯಲ್ಲಿ ಒಂದು ಚೀಟಿ ಕೊಡುತ್ತಾನೆ: ಇಂಥ ಲಾಟಿನ ಇಷ್ಟು ಬಾಕ್ಸು, ಇವತ್ತಿನ ತಾರೀಖು, ತನ್ನ ಸಹಿ. ಸ್ಟೋರೇಜಿನವರು ಚೀಟಿ ನೋಡಿ ಅಷ್ಟೇ ಬಾಕ್ಸು ಕೊಡುತ್ತಾರೆ. ಡ್ರೈವರನಿಗೆ ಉಳಿದ ಮಾಲು ಎಷ್ಟಿದೆ ಎಂದೂ ತಿಳಿಯುವುದಿಲ್ಲ. ನಾಳೆ ಆ ಚೀಟಿ ನಡೆಯುವುದೂ ಇಲ್ಲ. ಗಣಕದ ಪಂಡಿತರು 2007ರಲ್ಲಿ ಕಂಡುಹಿಡಿದದ್ದು ಹೆಚ್ಚುಕಡಿಮೆ ಇದೇ ಚೀಟಿಯನ್ನು.

ಅದಕ್ಕೂ ಮೊದಲು ಒಬ್ಬೊಬ್ಬರು ಒಂದೊಂದು ನಮೂನೆಯ ಚೀಟಿ ಇಟ್ಟುಕೊಂಡಿದ್ದರು. ಗೂಗಲ್‌ಗೆ ಆತ್‌ಸಬ್, ಯಾಹೂಗೆ ಬಿಬಿಆತ್, ಫ್ಲಿಕರ್‌ಗೆ ಅದರದೇ ಒಂದು. 2006ರ ನವೆಂಬರಿನಲ್ಲಿ ಟ್ವಿಟ್ಟರಿನಲ್ಲಿದ್ದ ಬ್ಲೇನ್ ಕುಕ್ ಅವರಿಗೆ ಇದರ ಕಷ್ಟ ಎದುರಾಯಿತು. ಕ್ರಿಸ್ ಮೆಸ್ಸಿನಾ, ಡೇವಿಡ್ ರೆಕಾರ್ಡನ್, ಲ್ಯಾರಿ ಹಾಫ್ ಮೊದಲಾದವರು ಸೇರಿ ಚರ್ಚೆ ಶುರುಮಾಡಿದರು, 2007ರ ಡಿಸೆಂಬರಿನಲ್ಲಿ ಓಆತ್ ಎಂಬ ಹೆಸರಿನ ಒಪ್ಪಂದ ಸಿದ್ಧವಾಯಿತು. ತಿರುಳು ಇಷ್ಟು: ಬೇಡುವ ತಂತ್ರಾಂಶ ನಿಮ್ಮನ್ನು ಮೇಲ್ ಇಟ್ಟವರ ಬಾಗಿಲಿಗೇ ಕಳಿಸುತ್ತದೆ. ಪಾಸ್‌ವರ್ಡನ್ನು ನೀವು ಅವರಿಗೆ ಮಾತ್ರ ಹೇಳುತ್ತೀರಿ. "ಇವರು ಇಂಥಿಂಥದ್ದು ಕೇಳುತ್ತಿದ್ದಾರೆ, ಕೊಡಲೇ?" ಎಂದು ಅವರು ಕೇಳುತ್ತಾರೆ. ಹೂಂ ಅಂದರೆ ಆ ತಂತ್ರಾಂಶಕ್ಕೆ ಒಂದು ಚೀಟಿ ಸಿಗುತ್ತದೆ. ಚೀಟಿಗೆ ಟೋಕನ್ ಎಂದು ಹೆಸರು.

ಚೀಟಿಯಲ್ಲೂ ಮೋಸ ಇದ್ದೇ ಇತ್ತು. 2009ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಬಿರುಕು ಹೊರಬಿತ್ತು. ಕಳ್ಳನೊಬ್ಬ ಅರ್ಜಿ ತಾನೇ ಶುರುಮಾಡಿ, ಸಹಿ ಹಾಕುವ ಪುಟದ ಕೊಂಡಿಯನ್ನು ಮಾತ್ರ ನಿಮಗೆ ಕಳಿಸುತ್ತಾನೆ. ನೀವು ನಿಜವಾದ ತಾಣದಲ್ಲೇ, ನಿಜವಾಗಿಯೇ ಒಪ್ಪಿಗೆ ಕೊಡುತ್ತೀರಿ. ಚೀಟಿ ಮಾತ್ರ ಅವನ ಕೈಗೆ! ಅರ್ಜಿ ಶುರುಮಾಡಿದವನೂ ಸಹಿ ಹಾಕಿದವನೂ ಒಬ್ಬನೇ ಎಂದು ಖಾತ್ರಿ ಮಾಡಿಕೊಳ್ಳುವುದನ್ನೇ ಮರೆತಿದ್ದರು. ಜೂನ್‌ನಲ್ಲಿ 1.0ಎ ಎಂಬ ತಿದ್ದುಪಡಿ ಬಂತು. ಟ್ವಿಟ್ಟರ್ 2010ರ ಆಗಸ್ಟ್‌ನಲ್ಲಿ ತಂತ್ರಾಂಶಗಳಿಂದ ಪಾಸ್‌ವರ್ಡ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು.

ಮುಂದಿನ ಜಗಳ ಇನ್ನೂ ಸೊಗಸಾದದ್ದು. ಮೊದಲ ಓಆತ್‌ನಲ್ಲಿ ಪ್ರತಿ ಕೋರಿಕೆಗೂ ಒಂದು ಗಣಿತದ ಸಹಿ ಬೇಕಿತ್ತು. ನನಗಿಂತ ಹಿರಿಯ ಸಹೋದ್ಯೋಗಿಗಳು ಅದನ್ನು ನೆನೆದರೆ ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತಾರೆ, ಒಂದು ಅಕ್ಷರ ಆಚೀಚೆಯಾದರೂ ಸಹಿ ತಾಳೆಯಾಗುತ್ತಿರಲಿಲ್ಲ. ಎರಡನೆಯ ಓಆತ್‌ನಲ್ಲಿ ಸಹಿ ತೆಗೆದುಬಿಟ್ಟರು. ಚೀಟಿ ಯಾರ ಕೈಯಲ್ಲಿದೆಯೋ ಅವರೇ ಹಕ್ಕುದಾರರು, ದಾರಿಯಲ್ಲಿ ಕದಿಯದಂತೆ ಗೂಢಲಿಪಿಯ ಸಂಪರ್ಕ ಇದ್ದರೆ ಸಾಕು ಎಂಬ ವಾದ. ಒಪ್ಪಂದ ಬರೆಯುವ ಹೊಣೆ ಹೊತ್ತಿದ್ದ ಎರಾನ್ ಹ್ಯಾಮರ್ 2012ರ ಜುಲೈನಲ್ಲಿ, ಮುಗಿಯಲು ಕೆಲವೇ ತಿಂಗಳಿರುವಾಗ, ಇದು ನರಕಕ್ಕೆ ದಾರಿ ಎಂಬರ್ಥದ ತಲೆಬರಹ ಕೊಟ್ಟು ಬರೆದು, ತನ್ನ ಹೆಸರನ್ನೇ ತೆಗೆಸಿಕೊಂಡು ಹೊರನಡೆದರು. ಅವರಿಲ್ಲದೆಯೇ ಅಕ್ಟೋಬರಿನಲ್ಲಿ ಓಆತ್ 2.0 ಪ್ರಕಟವಾಯಿತು, ಜಗತ್ತೆಲ್ಲ ಅದನ್ನೇ ಒಪ್ಪಿತು. ನನ್ನ ಅಭಿಪ್ರಾಯ ಕೇಳಿದರೆ ಇಬ್ಬರದೂ ಸರಿ. ಕಷ್ಟದ ಚೀಟಿ ಆಗಿದ್ದರೆ ಜನ ಮತ್ತೆ ಪಾಸ್‌ವರ್ಡಿಗೇ ಮರಳುತ್ತಿದ್ದರು. ಆದರೆ ಹ್ಯಾಮರ್ ಹೆದರಿದ್ದು ಸುಳ್ಳಾಗಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಇದೇ ಹೊತ್ತಿಗೆ ಜೋಡಿಸುವ ಅಂಗಡಿಗಳು ಹುಟ್ಟಿದವು. 2007ರಲ್ಲಿ ಬಂದ ಯಾಹೂ ಪೈಪ್ಸ್ ಬಳಸಿದವರಿಗೆ ಅದರ ಮೇಲೆ ಇನ್ನೂ ಪ್ರೀತಿ. 2015ರಲ್ಲಿ ಅದನ್ನು ಮುಚ್ಚಿದರು. 2011ರಲ್ಲಿ "ಇದಾದರೆ ಅದು ಮಾಡು" ಎಂಬ ಸರಳ ಸೂತ್ರದ ಇಫ್ಟ್ ಎಲ್ಲರಿಗೂ ತೆರೆಯಿತು, ಅದೇ ವರ್ಷ ಮಿಸೌರಿಯ ಕೊಲಂಬಿಯಾ ಎಂಬ ಊರಿನ ಮೂವರು ಝೇಪಿಯರ್ ಶುರುಮಾಡಿದರು. 2016ರಲ್ಲಿ ಮೈಕ್ರೋಸಾಫ್ಟಿನ ಫ್ಲೋ (ಈಗ ಪವರ್ ಆಟೊಮೇಟ್), 2019ರಲ್ಲಿ ಬರ್ಲಿನ್‌ನ ಯಾನ್ ಓಬರ್‌ಹೌಸರ್ ಅವರ ಎನ್8ಎನ್. ಇದನ್ನು ನಮ್ಮದೇ ಯಂತ್ರದಲ್ಲಿ ಇಟ್ಟುಕೊಳ್ಳಬಹುದು.

ವಿಜಯಪುರದವರಿಗೆ ಈ ಅಂಗಡಿಗಳನ್ನು ವಿವರಿಸುವುದು ಸುಲಭ. ಊರೊಳಗೆ ಅಲ್ಲಲ್ಲಿ ನಿಂತಿರುವ ಗಂಜ್‌ಗಳನ್ನು ನೋಡಿದ್ದೀರಲ್ಲ, ಕಲ್ಲಿನ ಎತ್ತರದ ನೀರಿನ ಗೋಪುರಗಳು? ತೊರವಿ ಕಡೆಯಿಂದ, ಆಮೇಲೆ 1651ರ ಬೇಗಂ ತಲಾಬದಿಂದ ಮಣ್ಣಿನ ಕೊಳವೆಗಳಲ್ಲಿ ಬರುವ ನೀರು ಈ ಗೋಪುರ ಹತ್ತಿ ಇಳಿಯುತ್ತಿತ್ತು. ಒತ್ತಡ ಕಡಿಮೆಯಾಗಿ ಕೊಳವೆ ಒಡೆಯುತ್ತಿರಲಿಲ್ಲ, ಹೂಳು ತಳಕ್ಕೆ ಕೂತು ತಿಳಿನೀರು ಮುಂದೆ ಹೋಗುತ್ತಿತ್ತು. ಆಟೋಮೇಶನ್ ವ್ಯವಸ್ಥೆಯೂ ಇಂಥ ಗೋಪುರವೇ, ಎಲ್ಲ ಕೊಳವೆಗಳೂ ಅದರ ಮೂಲಕವೇ ಹೋಗುತ್ತವೆ. ಆದ್ದರಿಂದಲೇ ಕಾವಲು ಬೇಕಾದದ್ದೂ ಅಲ್ಲೇ.

ಚೀಟಿ ಪದ್ಧತಿ ಗಟ್ಟಿಯಾದ ಮೇಲೆ ಕಳ್ಳರು ಪಾಸ್‌ವರ್ಡ್ ಬಿಟ್ಟು ಚೀಟಿಯ ಹಿಂದೆ ಬಿದ್ದರು. 2017ರ ಮೇ 3ರಂದು ಜಗತ್ತಿನಾದ್ಯಂತ ಜನರಿಗೆ ಪರಿಚಿತರಿಂದಲೇ ಒಂದು ಮೇಲ್ ಬಂತು, ಗೂಗಲ್ ಡಾಕ್ಸ್ ಕಡತ ಹಂಚಿಕೊಂಡಿದ್ದಾರೆಂದು. ಒತ್ತಿದರೆ ಗೂಗಲ್‌ನ ಅಸಲಿ ಒಪ್ಪಿಗೆ ಪುಟವೇ ತೆರೆಯುತ್ತಿತ್ತು. ಆದರೆ ಅರ್ಜಿ ಹಾಕಿದ್ದ ಆ್ಯಪಿನ ಹೆಸರು "ಗೂಗಲ್ ಡಾಕ್ಸ್" ಎಂದಿತ್ತೇ ಹೊರತು ಅದು ಗೂಗಲ್‌ನದಾಗಿರಲಿಲ್ಲ! ಒಪ್ಪಿದವರ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ಅದೇ ಮೇಲ್ ಹೊರಟಿತು. ಸುಮಾರು ಒಂದು ತಾಸಿನೊಳಗೆ ಗೂಗಲ್ ನಿಲ್ಲಿಸಿತಾದರೂ ಜಿಮೇಲ್ ಬಳಕೆದಾರರಲ್ಲಿ ಶೇ. 0.1ರಷ್ಟು ಜನ ಸಿಕ್ಕಿಬಿದ್ದಿದ್ದರು, ಅಂದರೆ ಹತ್ತು ಲಕ್ಷದ ಆಸುಪಾಸು. ಯಾರೂ ಪಾಸ್‌ವರ್ಡ್ ಕಳೆದುಕೊಳ್ಳಲಿಲ್ಲ ಎಂಬುದು ಗಮನಿಸಬೇಕಾದ ಮಾತು.

2018ರ ಅಕ್ಟೋಬರಿನಲ್ಲಿ ಗೂಗಲ್ ನಿಯಮ ಬಿಗಿ ಮಾಡಿತು. ಇಡೀ ಮೇಲ್ ಓದುವ ಹಕ್ಕು ಕೇಳುವವರಿಗೆ ಹೊರಗಿನವರಿಂದ ಭದ್ರತಾ ತಪಾಸಣೆ ಕಡ್ಡಾಯ. ಇದರಿಂದಾಗಿ ಇಫ್ಟ್ 2019ರ ಮಾರ್ಚ್ ಕೊನೆಗೆ "ಜಿಮೇಲಿಗೆ ಪತ್ರ ಬಂದರೆ" ಎಂದು ಶುರುವಾಗುವ ಸೂತ್ರಗಳನ್ನೆಲ್ಲ ತೆಗೆದುಹಾಕಬೇಕಾಯಿತು. ಅದೆಷ್ಟೋ ಜನರ ಸಣ್ಣಪುಟ್ಟ ಜೋಡಣೆಗಳು ಒಂದೇ ದಿನ ಸತ್ತವು, ಬೈಗುಳವೂ ಬಿತ್ತು. ನನಗೆ ಮಾತ್ರ ಅದು ಸರಿಯಾಗಿಯೇ ಕಂಡಿತು. ಹಳೇ ಪಾಸ್‌ವರ್ಡ್ ದಾರಿಯೂ ಮುಚ್ಚುತ್ತಾ ಬಂತು: ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಿಗೆ, ಮೈಕ್ರೋಸಾಫ್ಟ್ ಅದೇ ವರ್ಷ ಅಕ್ಟೋಬರ್ 1ರಿಂದ ಕಂಪನಿಗಳ ಖಾತೆಗಳಿಗೆ ಅದನ್ನು ನಿಲ್ಲಿಸತೊಡಗಿದವು.

ನಮ್ಮ ದೇಶದಲ್ಲೂ ಇದೇ ವಿಚಾರ ಬೇರೆ ಹೆಸರಿನಲ್ಲಿ ಬಂದಿದೆ. ಸಾಲ ಕೊಡುವವರಿಗೆ ಬ್ಯಾಂಕ್ ಪಾಸ್‌ವರ್ಡ್ ಕೊಡುವ ಬದಲು, ಇಂಥ ಅವಧಿಯ ವಿವರ ಮಾತ್ರ ತೋರಿಸು ಎಂದು ಒಪ್ಪಿಗೆ ಕೊಡುವ ಅಕೌಂಟ್ ಅಗ್ರಿಗೇಟರ್ ಪದ್ಧತಿ. ರಿಸರ್ವ್ ಬ್ಯಾಂಕ್ ನಿಯಮ ಮಾಡಿದ್ದು 2016ರಲ್ಲಿ, ಬ್ಯಾಂಕುಗಳು ಬಳಸತೊಡಗಿದ್ದು 2021ರ ಸೆಪ್ಟೆಂಬರಿನಲ್ಲಿ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಐಟಿ ಕಾಯ್ದೆಯ 66ಸಿ ಕಲಮಿನಲ್ಲಿ 3 ವರ್ಷದವರೆಗೆ ಸಜೆ ಇದೆ, 2009ರಿಂದ ಜಾರಿಯಲ್ಲಿದೆ. ಕಾಕಾನ ವಿಷಯದಲ್ಲಿ ಇದೂ ಪ್ರಯೋಜನಕ್ಕೆ ಬರಲಿಲ್ಲ. ನಾಲ್ವರಲ್ಲಿ ಯಾರ ಮೇಲೆ ಅಂತ ದೂರು ಕೊಡುವುದು?

ಆ ಖಾತೆಯನ್ನು ನಾವು ಹೇಗೆ ಸರಿಮಾಡಿದೆವು ಎಂದು ಒಂದಿಷ್ಟು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಫಿಲ್ಟರ್ ತೆಗೆದೆವು, ಹಳೇ ಚೀಟಿಗಳನ್ನೆಲ್ಲ ರದ್ದು ಮಾಡಿದೆವು, ಆಮೇಲೆ ಪಾಸ್‌ವರ್ಡ್ ಬದಲಿಸಿ ಎರಡನೇ ಹಂತದ ಪರೀಕ್ಷೆ ಹಾಕಿದೆವು. ಇಲ್ಲೊಂದು ಸೂಕ್ಷ್ಮ ಇದೆ. ಗೂಗಲ್‌ನಲ್ಲಿ ಪಾಸ್‌ವರ್ಡ್ ಬದಲಿಸಿದರೆ ಮೇಲ್ ಓದುವ ಹಕ್ಕಿರುವ ಚೀಟಿಗಳು ಸಾಯುತ್ತವೆ, ಆದರೆ ಬರೀ ಕ್ಯಾಲೆಂಡರಿನ ಚೀಟಿ ಬದುಕಿಯೇ ಇರುತ್ತದೆ. ಅದನ್ನು ಕೈಯಾರೆ ತೆಗೆಯಬೇಕು.

ಜೋಡಿಸುವಾಗ ಇಡೀ ಮೇಲ್ ಡಬ್ಬಿಯ ಚೀಟಿಯನ್ನು ಎನ್8ಎನ್‌ಗೆ ಕೊಡಲೇ ಇಲ್ಲ. ಖರೀದಿಯ ಖಚಿತ ಪತ್ರ ಬರುವ ಮೂರ್ನಾಲ್ಕು ವಿಳಾಸಗಳಿವೆ, ಅವುಗಳಿಂದ ಬಂದದ್ದು ಮಾತ್ರ ಇದಕ್ಕೆಂದೇ ತೆರೆದ ಇನ್ನೊಂದು ಖಾತೆಗೆ ಹೋಗುವಂತೆ ಮಾಡಿ, ಆ ಖಾತೆಯ ಓದುವ ಚೀಟಿ ಕೊಟ್ಟೆವು. ಆ ಚೀಟಿಯಿಂದ ಪತ್ರ ಕಳಿಸಲಿಕ್ಕಾಗಲೀ ಅಳಿಸಲಿಕ್ಕಾಗಲೀ ಬರುವುದಿಲ್ಲ. ಕ್ಯಾಲೆಂಡರಿನದು ಇನ್ನೂ ಸುಲಭ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಆದ ದಿನದಿಂದ ಎಣಿಸಿ ಯಾವ ದಿನ ಯಾವ ಸ್ಪ್ರೇ ಎಂಬುದಕ್ಕೆ ಬೇರೆಯದೇ ಒಂದು ಕ್ಯಾಲೆಂಡರ್ ಮಾಡಿ, ಅದೊಂದನ್ನೇ ಸರ್ವಿಸ್ ಅಕೌಂಟ್ ಜೊತೆ ಹಂಚಿಕೊಂಡೆವು. ಕಾಕಾನ ಮದುವೆ ಮುಂಜಿ ದವಾಖಾನೆಯ ದಿನಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಕ್ಯಾಲೆಂಡರಿಗೆ ಗುಪ್ತ ವಿಳಾಸ ಎಂಬ ಒಂದು ಕೊಂಡಿಯೂ ಇರುತ್ತದೆ, ಸುಲಭವೆಂದು ಬಹಳ ಜನ ಅದನ್ನೇ ಅಂಟಿಸುತ್ತಾರೆ. ಅದು ಕೈಗೆ ಸಿಕ್ಕವರೆಲ್ಲ ಎಲ್ಲವನ್ನೂ ಓದಬಹುದು, ಆದ್ದರಿಂದ ಬೇಡ. ಎನ್8ಎನ್ ತನ್ನಲ್ಲಿರುವ ಚೀಟಿಗಳನ್ನು ಒಂದು ಗೂಢಲಿಪಿ ಕೀಲಿಯಿಂದ ಮುಚ್ಚಿಡುತ್ತದೆ. ಆ ಕೀಲಿ ಮತ್ತು ದತ್ತಾಂಶದ ಬ್ಯಾಕಪ್ ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟರೆ ಮುಚ್ಚಿಟ್ಟೂ ಪ್ರಯೋಜನವಿಲ್ಲ.

ಒಂದು ಮಜಾ ಹೇಳಬೇಕು. ಗೂಗಲ್‌ನಲ್ಲಿ ನಮ್ಮ ಆ್ಯಪ್ "ಪರೀಕ್ಷೆ" ಎಂಬ ಸ್ಥಿತಿಯಲ್ಲಿರುವಷ್ಟು ಕಾಲ ಚೀಟಿಗೆ 7 ದಿನ ಮಾತ್ರ ಆಯಸ್ಸು, ಅದು ಅವರ ನಿಯಮ. "ತಮ್ಮಾ, ನಿನ್ ಮಷೀನ್ ವಾರದ ಸಂತಿ ಇದ್ಧಾಂಗ ಐತಿ ನೋಡು, ಏಳ್ ದಿನಕ್ಕೊಮ್ಮೆ ಸಹಿ ಹಾಕಬೇಕು" ಎಂದು ಕಾಕಾ ಆ ಒಂದು ತಿಂಗಳು ಗೊಣಗಿದ. ಬಬಲೇಶ್ವರದ ಮಾಮಾ ಇದನ್ನೆಲ್ಲ ನೋಡಿ ತನಗೂ ಬೇಕೆಂದ. ಅವನ ಮೇಲ್ ಪಾಸ್‌ವರ್ಡ್ ಅಂಗಡಿಯ ಗೋಡೆಯ ಮೇಲಿನ ಪಂಚಾಂಗದ ಹಾಳೆಯಲ್ಲೇ ಬರೆದಿತ್ತು. ಮೇಲ್ ಮತ್ತು ಕ್ಯಾಲೆಂಡರಿನ ಜೋಡಣೆ ಎಂದರೆ ಅದೇ ಇರಬೇಕು :-)

ಈಗ ಹ್ಯಾಮರ್ ಹೆದರಿಕೆಯ ವಿಷಯ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನದೇ ಹಿರಿಯ ಅಧಿಕಾರಿಗಳ ಮೇಲ್‌ಗಳನ್ನು ಕಳ್ಳರು ಓದಿದ್ದಾರೆಂದು ಹೇಳಿತು. ಯಾರೂ ಬಳಸದ ಒಂದು ಹಳೇ ಪರೀಕ್ಷಾ ಖಾತೆಯ ಬಡಪಾಯಿ ಪಾಸ್‌ವರ್ಡ್ ಊಹಿಸಿ, ಅಲ್ಲಿದ್ದ ಒಂದು ಹಳೇ ಓಆತ್ ಆ್ಯಪಿನ ಹೆಚ್ಚಿನ ಹಕ್ಕು ಹಿಡಿದು ಒಳನುಗ್ಗಿದ್ದರು. 2025ರ ಆಗಸ್ಟ್‌ನದು ಇನ್ನೂ ದೊಡ್ಡದು. ಸೇಲ್ಸ್‌ಲಾಫ್ಟ್ ಕಂಪನಿಯ ಡ್ರಿಫ್ಟ್ ಎಂಬ ಮಾತಾಡುವ ತಂತ್ರಾಂಶವನ್ನು ನೂರಾರು ಕಂಪನಿಗಳು ತಮ್ಮ ಗ್ರಾಹಕರ ದಾಖಲೆಗೆ, ಕೆಲವರು ತಮ್ಮ ಮೇಲಿಗೆ ಜೋಡಿಸಿಕೊಂಡಿದ್ದವು. ಕಳ್ಳರು ಆ ಕಂಪನಿಗಳ ಕಡೆ ಹೋಗಲೇ ಇಲ್ಲ. ಜೋಡಿಸುವ ಅಂಗಡಿಗೇ ನುಗ್ಗಿ ಅಲ್ಲಿ ಸಾಲಾಗಿ ಇಟ್ಟಿದ್ದ ಚೀಟಿಗಳನ್ನು ಬಾಚಿಕೊಂಡರು. ಆಗಸ್ಟ್ 8ರಿಂದ 18ರವರೆಗೆ 700ಕ್ಕೂ ಹೆಚ್ಚು ಸಂಸ್ಥೆಗಳ ದಾಖಲೆಗಳನ್ನು ಆ ಚೀಟಿ ತೋರಿಸಿಯೇ ಎಳೆದರು. ಆಗಸ್ಟ್ 9ರಂದು ಕೆಲವು ಗೂಗಲ್ ವರ್ಕ್‌ಸ್ಪೇಸ್ ಮೇಲ್ ಖಾತೆಗಳನ್ನೂ ಹೀಗೇ ತೆರೆದರು. ಗೋಪುರದ ನೀರಿಗೇ ವಿಷ ಬಿದ್ದ ಹಾಗೆ. ಚೀಟಿ ತಂದವನೇ ಹಕ್ಕುದಾರ ಎಂಬ ನಿಯಮದಲ್ಲಿ, ತಂದವನು ಯಾರೆಂದು ಬಾಗಿಲಲ್ಲಿ ಯಾರೂ ಕೇಳಲಿಲ್ಲ.

ಅದೇ 2025ರ ಜನವರಿಯಲ್ಲಿ ಓಆತ್ ಭದ್ರತೆಯ ಹೊಸ ಕೈಪಿಡಿ, ಆರ್‌ಎಫ್‌ಸಿ 9700, ಹೊರಬಂದಿತ್ತು. ಅದರಲ್ಲಿ ಚೀಟಿಯನ್ನು ಅದನ್ನು ಪಡೆದ ಯಂತ್ರಕ್ಕೇ ಕಟ್ಟಿಹಾಕಿ, ಕದ್ದು ಬೇರೆ ಕಡೆ ತೋರಿಸಿದರೆ ನಡೆಯದಂತೆ ಮಾಡಬೇಕೆಂಬ ಸಲಹೆ ಇದೆ. 2012ರಲ್ಲಿ ಬಾಗಿಲಿನಿಂದ ಹೊರಗೆ ಕಳಿಸಿದ ಸಹಿ ಹದಿಮೂರು ವರ್ಷದ ಮೇಲೆ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿದೆ. ಈ ವರ್ಷ ಕಾಕಾನ ಅಂಗಡಿಯ ಹುಡುಗ ಹೊಸದೊಂದು ಕೇಳುತ್ತಿದ್ದಾನೆ: ಮೇಲ್ ಓದಿ ತಾನೇ ಉತ್ತರ ಬರೆಯುವ ಎಐ ಏಜೆಂಟ್ ಹಾಕಿಕೊಡಬೇಕಂತೆ, ಅದಕ್ಕೆ ಓದುವ ಚೀಟಿಯ ಜೊತೆಗೆ ಕಳಿಸುವ ಚೀಟಿಯೂ ಬೇಕಂತೆ. ಕಾಕಾ ಕೇಳಿದ ಮೊದಲ ಪ್ರಶ್ನೆ, "ಅದು ರೇಟ್ ಬರದ್ರ ಸಹಿ ಯಾರ್ದೋ?"